ಹಾಲು ಬತ್ತಿದ ಹಸು, ಆರ್‌ಸಿ ಮುಗಿದ ಕಾರು

ಓದುಗರ ಪತ್ರ: ನನ್ನ ಬಳಿ 2007ರ ಮಾರುತಿ 800 ಇದೆ. ಆರ್‌ಸಿ 2022ರಲ್ಲೇ ಮುಗಿದಿದೆ, ಇನ್ಶೂರೆನ್ಸೂ ಕಟ್ಟಿಲ್ಲ. ಆದರೆ ಎಂಜಿನ್ ಗಟ್ಟಿ. ಹತ್ತಿರದ ವೃದ್ಧಾಶ್ರಮಕ್ಕೆ ಪುಕ್ಕಟೆ ಕೊಡುತ್ತೇನೆ ಎಂದರೆ, ‘ಪೇಪರೆಲ್ಲ ಸರಿಮಾಡಿಸಿ ಕೊಡಿ ಸರ್’ ಎಂದುಬಿಟ್ಟರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ ಹಾಗಾಯಿತು! ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗಳು, ಅಲ್ಲಿ ಒಂದು ಫೋನ್ ಮಾಡಿದರೆ ಇಂಥ ಕಾರನ್ನು ಅವರೇ ಬಂದು ಎಳೆದುಕೊಂಡು ಹೋಗುತ್ತಾರೆ, ತೆರಿಗೆಯಲ್ಲೂ ರಿಯಾಯಿತಿ ಸಿಗುತ್ತದೆ ಎನ್ನುತ್ತಾಳೆ. ನಮ್ಮಲ್ಲಿ ದಾನಕ್ಕೂ ಯಾಕಿಷ್ಟು ಅಡ್ಡಿ? (ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ಗಣಪತಿ ಇದ್ದಾನೆ. ಅವನನ್ನೇನು ಮಾಡಲಿ?)
– ನಿವೃತ್ತ ಅಧ್ಯಾಪಕರು, ಮೈಸೂರು

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಮಾರುತಿ 800ರ ಎಂಜಿನ್ ಬಗ್ಗೆ ನೀವು ಹೇಳಿದ್ದೂ ನಿಜ. ಕಂಪನಿ 2014ರಲ್ಲಿ ತಯಾರಿಕೆ ನಿಲ್ಲಿಸಿದರೂ ನಮ್ಮ ರಸ್ತೆಗಳಲ್ಲಿ ಆ ಗಾಡಿ ಇನ್ನೂ ನಿಂತಿಲ್ಲ. ಇಲ್ಲಿಗೆ ನಿಮ್ಮ ಪರವಾಗಿ ನಾನು ಹೇಳಬಹುದಾದದ್ದು ಮುಗಿಯಿತು. ಇನ್ನುಳಿದದ್ದೆಲ್ಲ ವೃದ್ಧಾಶ್ರಮದವರ ಪರ.

ಹದಿನೈದು ವರ್ಷದ ಹಿಂದೆ ತುಮಕೂರು ಕಡೆಯ ಒಂದು ಅನಾಥಾಲಯಕ್ಕೆ ಲೇಖನಕ್ಕೆಂದು ಹೋಗಿದ್ದೆ. ಅಂಗಳದ ಹುಣಸೆಮರದ ಕೆಳಗೆ ಒಂದು ಬಿಳಿ ಓಮ್ನಿ. ನಾಲ್ಕೂ ಟಯರು ನೆಲಕ್ಕೆ ಕೂತಿದ್ದವು. ಹಿಂದಿನ ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ‘ದಾನಿಗಳು’ ಅಂತ ಬರೆದು, ಕೆಳಗೆ ಗಂಡ ಹೆಂಡತಿ ಮಕ್ಕಳು ಎಲ್ಲರ ಹೆಸರು, ಕೊನೆಗೆ ‘ಮತ್ತು ಕುಟುಂಬ ವರ್ಗದವರು’. ಬಾಗಿಲು ಎಳೆದರೆ ಒಳಗೆ ಹಿಂದಿನ ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಅದು ಏಳಲೂ ಇಲ್ಲ. ಮೇಲ್ವಿಚಾರಕಿ ನಕ್ಕು, ‘ಬ್ಯಾಟ್ರಿ ಹಾಕ್ಸಿದ್ವಿ ಸರ್, ಟಯರ್ ಹಾಕ್ಸಿದ್ವಿ. ಆಮೇಲೆ ಹೆಸ್ರು ಬದಲಾಯ್ಸಕ್ಕೆ ಹೋದ್ರೆ ಆಗಲ್ಲ ಅಂದ್ರು. ವಾಪಸ್ ತಗೊಂಡೋಗಿ ಅಂದ್ರೆ ಅವ್ರು ಫೋನೇ ಎತ್ತಲ್ಲ’ ಎಂದರು. ಬ್ಯಾಟರಿಗೆ ಕೊಟ್ಟ ದುಡ್ಡು ಆ ತಿಂಗಳ ಹಾಲಿನ ಬಾಬ್ತಿನದಂತೆ.

‘ಆಗಲ್ಲ’ ಅಂದದ್ದು ಯಾಕೆ? ಖಾಸಗಿ ಕಾರಿನ ನೋಂದಣಿಗೆ ನಮ್ಮಲ್ಲಿ 15 ವರ್ಷ ಆಯುಸ್ಸು. ಆಮೇಲೆ ಆರ್‌ಟಿಒಗೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮೊದಲು ಇದಕ್ಕೆ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. ತಡವಾದ ತಿಂಗಳುಗಳಿಗೆ ದಂಡ, ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್ ಎಲ್ಲ ಬೇರೆ. ಇದಿಷ್ಟೂ ಆಗದೆ 29, 30ನೇ ನಮೂನೆ ತುಂಬಿ ಹೆಸರು ಬದಲಾಯಿಸಿ ಎಂದು ಹೋದರೆ ಗುಮಾಸ್ತ ಮೊದಲ ಪುಟದಲ್ಲೇ ತಡೆಯುತ್ತಾನೆ. ಅಂದರೆ ನೀವು ಆಶ್ರಮಕ್ಕೆ ಕೊಡಹೊರಟದ್ದು ಒಂದು ಕಾರು, ಜೊತೆಗೆ 2022ರಿಂದೀಚಿನ ಬಾಕಿ ಮತ್ತು ಆರ್‌ಟಿಒ ಕಚೇರಿಗೆ ಹತ್ತಾರು ಓಡಾಟ. ದಟ್ಟಿಯ ಗಾದೆ ಹೇಳಿದಿರಿ. ದಟ್ಟಿ ಉಟ್ಟುಕೊಳ್ಳುವವಳು ಮೊಳ ಹಾಕಿ ನೋಡದೆ ಇನ್ನೇನು ಮಾಡಬೇಕು ಸ್ವಾಮಿ?

‘ಪೇಪರ್ ಹಾಗೇ ಇರಲಿ, ಗಾಡಿ ಮಾತ್ರ ಇಟ್ಟುಕೊಳ್ಳಲಿ’ ಎಂದು ನಿಮ್ಮ ಪತ್ರದ ಧಾಟಿಯಲ್ಲೇ ಒಂದು ಆಸೆ ಕಾಣುತ್ತದೆ. ಅಲ್ಲಿ ನಿಮಗೇ ಕುತ್ತು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. ಕೈಯಿಂದ ಕೈಗೆ ಮಾರಾಟವಾಗಿ ಹೋದ ಒಂದು ಕಾರು 2009ರಲ್ಲಿ ಅಪಘಾತ ಮಾಡಿತು. ಆರ್‌ಸಿ ಪುಸ್ತಕದಲ್ಲಿ ಮಾತ್ರ ಇನ್ನೂ ಮೊದಲಿನವನ ಹೆಸರೇ. ಪರಿಹಾರದ ಹೊಣೆ ಆತನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು. ಆಶ್ರಮದ ಡ್ರೈವರು ನಿಮ್ಮ ಕಾರನ್ನು ಯಾರಿಗಾದರೂ ತಾಗಿಸಿದರೆ, ಇನ್ಶೂರೆನ್ಸಿಲ್ಲದ ಆ ಗಾಡಿಯ ಸಮನ್ಸು ಬರುವುದು ಮೈಸೂರಿನ ನಿಮ್ಮ ಮನೆಗೆ.

ಮಗಳು ಹೇಳಿದ್ದು ಸುಳ್ಳಲ್ಲ. ಆದರೆ ಅಲ್ಲಿ ಯಾವ ಅಜ್ಜನೂ ಆ ಕಾರಿನಲ್ಲಿ ಕೂತು ಆಸ್ಪತ್ರೆಗೆ ಹೋಗುವುದಿಲ್ಲ. ಎಳೆದುಕೊಂಡು ಹೋದ ಗಾಡಿ ಸಾಮಾನ್ಯವಾಗಿ ಹರಾಜಿಗೆ ಹೋಗುತ್ತದೆ, ಖರ್ಚು ಕಳೆದು ಉಳಿದದ್ದು ಸಂಸ್ಥೆಗೆ ಸೇರುತ್ತದೆ. ಅಲ್ಲಿ ಒಡೆತನದ ಪತ್ರವೇ ಬೇರೆ, ‘ಟೈಟಲ್’ ಎನ್ನುತ್ತಾರೆ. ವರ್ಷ ವರ್ಷದ ರಿಜಿಸ್ಟ್ರೇಷನ್ ಬೇರೆ. ಹಾಗಾಗಿ ಎರಡನೆಯದು ಮುಗಿದಿದ್ದರೂ ಕೈ ಬದಲಾಯಿಸಬಹುದು. ನಮ್ಮಲ್ಲಿ ಎರಡೂ ಒಂದೇ ಕಾರ್ಡಿನಲ್ಲಿ. ಕೊಟ್ಟವರು ‘ಈ ಗಾಡಿ ಇನ್ನು ನನ್ನದಲ್ಲ’ ಎಂದು ಐದು ದಿನದೊಳಗೆ ಸಾರಿಗೆ ಇಲಾಖೆಗೆ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾದಲ್ಲಿ ನಿಯಮವಿದೆ, ಮಗಳು ಅದನ್ನು ಹೇಳಿದಳೋ ಇಲ್ಲವೋ. ತೆರಿಗೆಯ ವಿಷಯಕ್ಕೂ ಅಲ್ಲಿ ಕಡಿವಾಣ ಬಿದ್ದು ಇಪ್ಪತ್ತು ವರ್ಷವಾಯಿತು. 500 ಡಾಲರ್ ಮೀರಿದರೆ, ಹರಾಜಿನಲ್ಲಿ ಎಷ್ಟು ಬಂತೋ ಸಾಮಾನ್ಯವಾಗಿ ಅಷ್ಟಕ್ಕೇ ವಿನಾಯಿತಿ. ಅದಕ್ಕೆ ಮೊದಲು ಡಬ್ಬಾ ಗಾಡಿಗೂ ತಮಗೆ ತೋಚಿದ ಬೆಲೆ ಬರೆದುಕೊಳ್ಳುವವರಿದ್ದರು. ದಾನದ ಬೆಲೆಯನ್ನು ದಾನಿಯೇ ಕಟ್ಟಿದರೆ ಯಾವ ದೇಶದಲ್ಲೂ ಹೀಗೇ.

ಇದು ಇಂದಿನ ರೋಗವೂ ಅಲ್ಲ. ಕಠೋಪನಿಷತ್ತು ಶುರುವಾಗುವುದೇ ಇಲ್ಲಿಂದ. ವಾಜಶ್ರವಸ ಯಾಗ ಮಾಡಿ ಸರ್ವಸ್ವವನ್ನೂ ದಾನ ಮಾಡುತ್ತಾನೆ. ಹೊಡೆದುಕೊಂಡು ಬಂದ ಹಸುಗಳನ್ನು ಮಗ ನಚಿಕೇತ ನೋಡುತ್ತಾನೆ: ಕಡೆಯ ನೀರು ಕುಡಿದಾಗಿದೆ, ಕಡೆಯ ಹುಲ್ಲು ಮೇದಾಗಿದೆ, ಕಡೆಯ ಹಾಲು ಕರೆದಾಗಿದೆ. ಇಂಥದ್ದನ್ನು ಕೊಟ್ಟವನು ಆನಂದವಿಲ್ಲದ ಲೋಕಕ್ಕೆ ಹೋಗುತ್ತಾನಲ್ಲ ಎಂದು ಹುಡುಗನಿಗೆ ಕಳವಳ. ‘ಅಪ್ಪಾ, ನನ್ನನ್ನು ಯಾರಿಗೆ ಕೊಡುತ್ತೀಯೆ?’ ಎಂದು ಮತ್ತೆ ಮತ್ತೆ ಕೇಳಿ, ‘ಯಮನಿಗೆ’ ಎಂದು ಬೈಸಿಕೊಳ್ಳುತ್ತಾನೆ. ನಿಮ್ಮ ವೃದ್ಧಾಶ್ರಮದವರು ನಚಿಕೇತನ ಕಳವಳವನ್ನೇ ‘ಸರ್’ ಸೇರಿಸಿ ಮೆತ್ತಗೆ ಹೇಳಿದ್ದಾರೆ. ಮೇಷ್ಟ್ರಿಗೆ ನಾನು ಪಾಠ ಹೇಳಿದ ಹಾಗಾಯಿತು, ಕ್ಷಮಿಸಿ.

ನಾನೇನು ಸಾಚಾ ಅಲ್ಲ. ನಮ್ಮ ಕಚೇರಿಯ ಡಬ್ಬಿಯಂಥ ಹಳೇ ಮಾನಿಟರುಗಳನ್ನು ಒಂದು ಹಳ್ಳಿ ಶಾಲೆಗೆ ‘ಕೊಡುಗೆ’ ಕೊಟ್ಟು, ಶಾಲು ಹೊದೆಸಿಕೊಂಡು ಬಂದವನು ನಾನು. ಮರುವರ್ಷ ಹೋದಾಗ ಅವು ಬಿಸಿಯೂಟದ ಕೋಣೆಯ ಕಿಟಕಿಗೆ ಅಡ್ಡ ನಿಂತಿದ್ದವು. ಶಾಲೆಯ ವಿದ್ಯುತ್ ಬಿಲ್ಲನ್ನಾದರೂ ಒಂದು ವರ್ಷ ಕಟ್ಟಿದ್ದರೆ ಆಗುತ್ತಿತ್ತು. ಆದರೆ ಬಿಲ್ಲಿನ ಮೇಲೆ ನಮ್ಮ ಹೆಸರು ಬರೆಯುವುದಿಲ್ಲವಲ್ಲ! ದೇವಸ್ಥಾನದ ಫ್ಯಾನಿನ ಮೂರು ರೆಕ್ಕೆಗೆ ಮೂರು ಹೆಸರು ಬರೆಸಿ, ತಿರುಗುವಾಗ ಓದಲಾಗುವುದಿಲ್ಲ ಎಂದು ಬೇಸರಪಟ್ಟುಕೊಳ್ಳುವ ಜನ ನಾವು. ನೆರೆ ಬಂದಾಗ ಗುಂಡಿ ಕಿತ್ತ ಅಂಗಿ, ಗ್ರಂಥಾಲಯಕ್ಕೆ ಗೆದ್ದಲು ಹಿಡಿದ ಗೈಡು, ಧರ್ಮಾಸ್ಪತ್ರೆಗೆ ತಾರೀಕು ಮುಗಿದ ಮಾತ್ರೆ. ಮನೆ ಖಾಲಿ ಮಾಡುವುದಕ್ಕೂ ದಾನ ಎಂದೇ ಹೆಸರಿಡುತ್ತೇವೆ. ತೆಗೆದುಕೊಂಡವರು ಮಾತ್ರ ಕೈ ಮುಗಿದೇ ನಿಂತಿರಬೇಕು.

ಸರಿ, ಕಾರಿನ ವಿಷಯ. ನವೀಕರಣ ನೀವೇ ಮಾಡಿಸಿ, ಒಂದು ವರ್ಷದ ಇನ್ಶೂರೆನ್ಸ್ ಕಟ್ಟಿ, ಅವರ ಹೆಸರಿಗೆ ಬದಲಾಯಿಸಿ ಕೀಲಿ ಕೊಟ್ಟರೆ ಚಿನ್ನದಂಥ ದಾನ. ಅಷ್ಟು ಖರ್ಚು ಬೇಡವೆನಿಸಿದರೆ ಸರ್ಕಾರದಲ್ಲಿ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಹಾಕಿ. 2021ರ ನಿಯಮಗಳ ಪ್ರಕಾರ ಅವರು ಗಾಡಿಗೆ ದುಡ್ಡು ಕೊಟ್ಟು ಪ್ರಮಾಣಪತ್ರ ಕೊಡುತ್ತಾರೆ, ಆರ್‌ಸಿಯೂ ರದ್ದಾಗುತ್ತದೆ. ರಸ್ತೆಬದಿಯ ಗುಜರಿಯವನಿಗೆ ಬೇಡ, ನಿಮ್ಮ ಚಾಸಿ ನಂಬರು ಯಾವ ಗಾಡಿಯ ಮೇಲೆ ಮತ್ತೆ ಹುಟ್ಟುತ್ತದೋ ಹೇಳಲಾಗದು. ಬಂದ ದುಡ್ಡನ್ನು ಆಶ್ರಮಕ್ಕೆ ಚೆಕ್ಕಿನಲ್ಲಿ ಕೊಡಿ. ತೆರಿಗೆ ವಿನಾಯಿತಿ ಕೇಳಿದ್ದಿರಲ್ಲ, ನಾವೆಲ್ಲ 80ಜಿ ಎಂದು ಕರೆಯುವ ರಿಯಾಯಿತಿ ವಸ್ತು ಕೊಟ್ಟರೆ ಸಿಗುವುದಿಲ್ಲ, ಹಣಕ್ಕೆ ಮಾತ್ರ. ಆಶ್ರಮಕ್ಕೆ ಆ ಮಾನ್ಯತೆ ಇರಬೇಕು, ನೀವು ಹಳೇ ತೆರಿಗೆ ಪದ್ಧತಿಯಲ್ಲಿರಬೇಕು, ಅಷ್ಟೆ. ಎಂಜಿನ್ ಮೇಲೆ ಅಷ್ಟು ಮಮತೆಯಿದ್ದರೆ ಹತ್ತಿರದ ಐಟಿಐಯಲ್ಲಿ ವಿಚಾರಿಸಿ. ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಬಿಚ್ಚಿ ಕಟ್ಟಲು ಗಾಡಿ ಬೇಕಾಗುತ್ತದೆ, ಅದು ರಸ್ತೆಗಿಳಿಯಬೇಕಿಲ್ಲ. ಅಲ್ಲೂ ಮೊದಲು ನೋಂದಣಿ ರದ್ದು ಮಾಡಿಸಿಯೇ ಕೊಡಿ.

ಗಣಪತಿಯನ್ನು ಗಾಡಿ ಜೊತೆ ಕಳಿಸಬೇಡಿ. ಬುಡಕ್ಕೆ ಸ್ವಲ್ಪ ಕೊಬ್ಬರಿ ಎಣ್ಣೆ ಬಿಟ್ಟು ಅರ್ಧ ಗಂಟೆ ತಡೆದು, ದಾರ ಹಾಕಿ ಆಚೆ ಈಚೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸೊಂಡಿಲು ಮುರಿದೀತು.