ಕೋಳಿಗೆ ಹಾಕಿದ ಗೋಧಿಗೂ ದಂಡ

ಈ ಸಲದ ಪತ್ರಗಳಲ್ಲಿ ಮೂರ್ನಾಲ್ಕು ಅಮೆರಿಕದ ಸುತ್ತಲೇ ಇವೆ. ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಸಂಬಳದ ಚೀಟಿ ತೋರಿಸಿದ. ಫೆಡರಲ್ ಸರ್ಕಾರದ ತೆರಿಗೆ, ರಾಜ್ಯದ ತೆರಿಗೆ, ಊರಿನ ತೆರಿಗೆ ಅಂತ ಮೂರು ಸಲ ಮುರಿದಿದ್ದಾರೆ. ಅಲ್ಲಿ ಮೊದಲಿಂದಲೂ ಹೀಗೇನಾ?
– ತಿಪಟೂರಿನ ಓದುಗರು

ಇಲ್ಲ. ಅಲ್ಲಿನ ಕೇಂದ್ರ ಸರ್ಕಾರ ನೂರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದು ಮುಖ್ಯವಾಗಿ ಆಮದು ಸುಂಕದ ಮೇಲೆ, ಆಮೇಲೆ ಹೆಂಡ ಮತ್ತು ಹೊಗೆಸೊಪ್ಪಿನ ತೆರಿಗೆಯ ಮೇಲೆ. ಅಂತರ್ಯುದ್ಧದ ಖರ್ಚಿಗೆ ಆದಾಯ ತೆರಿಗೆ ಹಾಕಿ, 1872ರಲ್ಲಿ ಬಿಟ್ಟರು. 1894ರಲ್ಲಿ ಮತ್ತೆ ಹಾಕಿದರು, ಮರುವರ್ಷವೇ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಕೊನೆಗೆ 1913ರಲ್ಲಿ ಸಂವಿಧಾನಕ್ಕೇ 16ನೇ ತಿದ್ದುಪಡಿ ತಂದರು.

ಆಗಿನ ದರ ಕೇಳಿದರೆ ನಿಮ್ಮ ಮಗ ನಗುತ್ತಾನೆ. 3,000 ಡಾಲರ್ ದಾಟಿದ ಆದಾಯಕ್ಕೆ ಶೇ 1. ಅಷ್ಟು ಸಂಪಾದನೆ ಇದ್ದವರೇ ಕಡಿಮೆ. ಭಾರಿ ಶ್ರೀಮಂತರಿಗೂ ಹೆಚ್ಚೆಂದರೆ ಶೇ 7. ಮೊದಲ ಮಹಾಯುದ್ಧ ಬಂತು ನೋಡಿ, 1918ಕ್ಕೆ ಆ ಮೇಲಿನ ದರ ಶೇ 77! ಸಂಬಳ ಕೈಗೆ ಬರುವ ಮೊದಲೇ ಮುರಿದುಕೊಳ್ಳುವ ಈಗಿನ ಪದ್ಧತಿ ಬಂದಿದ್ದು 1943ರಲ್ಲಿ, ಎರಡನೇ ಯುದ್ಧದ ನಡುವೆ. ಕೈಗೆ ಬಾರದ ದುಡ್ಡು ಹೋದರೆ ನೋವು ಕಡಿಮೆ, ಅಲ್ವಾ? ಯುದ್ಧ ಮುಗಿಯಿತು, ಪದ್ಧತಿ ಉಳಿಯಿತು.

ಅಲ್ಲಿ ಒಮ್ಮೆ ಜನರ ಚಿನ್ನವನ್ನೇ ಸರ್ಕಾರ ಕಿತ್ತುಕೊಂಡಿತ್ತಂತೆ. ಹೌದೇ?
– ಕಾರ್ಕಳದ ಓದುಗರು

ಹೌದು, ಆದರೆ ಒಡವೆ ಮುಟ್ಟಲಿಲ್ಲ. 1933ರ ಏಪ್ರಿಲ್ 5ರಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶ ಹೊರಡಿಸಿದರು. ಚಿನ್ನದ ನಾಣ್ಯ, ಗಟ್ಟಿ, ಚಿನ್ನಕ್ಕೆ ಬದಲಿಸಿಕೊಳ್ಳಬಹುದಾದ ಚಿನ್ನದ ಪತ್ರ ಇದ್ದವರು ಮೇ 1ರೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ತಲೆಗೆ 100 ಡಾಲರ್ ಬೆಲೆಯಷ್ಟು ಇಟ್ಟುಕೊಳ್ಳಬಹುದು. ಔನ್ಸಿಗೆ ಕೊಟ್ಟಿದ್ದು 20 ಡಾಲರ್ 67 ಸೆಂಟ್. ಮುಂದಿನ ಜನವರಿಯಲ್ಲಿ ಸರ್ಕಾರವೇ ಬೆಲೆಯನ್ನು 35 ಡಾಲರ್‌ಗೆ ಏರಿಸಿತು. ಕೊಟ್ಟವರಿಗೆ ಹೇಗನ್ನಿಸಿರಬೇಡ! ಈ ನಿರ್ಬಂಧ ತೆಗೆದಿದ್ದು 1974ರ ಕೊನೆಗೆ.

ನಮ್ಮಲ್ಲೂ 1963ರಲ್ಲಿ ಚಿನ್ನ ನಿಯಂತ್ರಣ ಬಂತು. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ ಅಂದರು. ನಮ್ಮ ಬೀದಿಯ ಅಕ್ಕಸಾಲಿಗರು ಆಗ ಕುಲುಮೆ ಆರಿಸಿ, ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರಲು ಕೂತಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮಜ್ಜಿ ಅವರ ಹತ್ತಿರ ಚೌಕಾಸಿ ಮಾಡುತ್ತಿರಲಿಲ್ಲ.

ಅಮೆರಿಕದಲ್ಲಿ ಕೃಷಿ ರಾಜ್ಯಗಳಿಗೆ ಸೇರಿದ್ದು ಅಂತ ಓದಿದ್ದೇನೆ. ಹಾಗಿದ್ದೂ ರೈತ ಎಷ್ಟು ಬಿತ್ತಬೇಕು ಅಂತ ಕೇಂದ್ರ ಹೇಗೆ ಹೇಳುತ್ತಿತ್ತು? ನಾನೂ ಗೋಧಿ ಬೆಳೆಯುವವ, ಅದಕ್ಕೇ ಕೇಳಿದೆ.
– ನವಲಗುಂದದ ಓದುಗರು

ನಿಮ್ಮಂಥವರೇ ಕೇಳಬೇಕಾದ ಪ್ರಶ್ನೆ. ಅವರ ಸಂವಿಧಾನದಲ್ಲಿ ಒಂದು ಸಾಲಿದೆ: ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರವನ್ನು ಕೇಂದ್ರದ ಶಾಸನಸಭೆ ನಿಯಂತ್ರಿಸಬಹುದು. ಮೊದಲು ಆ ಸಾಲು ಹಿಡಿದು 1887ರಲ್ಲಿ ರೈಲು ಕಂಪನಿಗಳ ದರಕ್ಕೆ ಕೈ ಹಾಕಿದರು. ಅದನ್ನು ಬೇಡಿದವರಲ್ಲಿ ರೈತರೇ ಮುಂದು. ಸಾಗಣೆ ದರದಲ್ಲಿ ಅವರನ್ನು ಸುಲಿಯುತ್ತಿದ್ದರು.

1930ರ ದಶಕದ ಮಹಾ ಕುಸಿತದಲ್ಲಿ ಕೆಲಸಗಾರರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿಯಾದರು. ರೂಸ್‌ವೆಲ್ಟ್ ಸರ್ಕಾರ ಎಲ್ಲಕ್ಕೂ ನಿಯಮ ಬರೆಯಿತು. ಮೊದಮೊದಲು ಕೋರ್ಟ್ ಒಪ್ಪಲಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಶೆಕ್ಟರ್ ಸೋದರರು ಕೋಳಿ ವ್ಯಾಪಾರಿಗಳು. ಗಿರಾಕಿ ಪಂಜರದಿಂದ ತನಗೆ ಬೇಕಾದ ಕೋಳಿ ಆರಿಸಿಕೊಳ್ಳಬಾರದು, ಕೈಗೆ ಸಿಕ್ಕಿದ್ದನ್ನು ಕೊಡಬೇಕು ಅನ್ನುವುದೂ ಅವರಿಗೆ ಹಾಕಿದ್ದ ನಿಯಮಗಳಲ್ಲೊಂದು! 1935ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ನಿಯಮಗಳಿಗೆ ಆಧಾರವಾಗಿದ್ದ ಕಾಯ್ದೆಯನ್ನೇ ಕಿತ್ತೆಸೆಯಿತು. ಇನ್ನಷ್ಟು ನ್ಯಾಯಮೂರ್ತಿಗಳನ್ನು ತುಂಬುತ್ತೇನೆ ಅಂತ ರೂಸ್‌ವೆಲ್ಟ್ 1937ರಲ್ಲಿ ಹೊರಟರು. ಅದು ಆಗಲಿಲ್ಲ. ಆದರೆ ಅದೇ ವರ್ಷ ಕೋರ್ಟಿನ ದನಿ ಬದಲಾಯಿತು.

ಈಗ ಗೋಧಿಗೆ ಬರೋಣ. ಮೊದಲ ಪತ್ರದವರ ಮಗ ಇರುವ ಓಹಾಯೋದಲ್ಲೇ, ಡೇಟನ್ ಊರಿನ ಹತ್ತಿರ ರಾಸ್ಕೋ ಫಿಲ್ಬರ್ನ್ ಎಂಬ ರೈತನಿದ್ದ. ಬೆಲೆ ಬೀಳದಿರಲಿ ಅಂತ ಬಿತ್ತನೆಗೆ ಮಿತಿ ಹಾಕಿದ್ದ 1938ರ ಕಾಯ್ದೆಯ ಪ್ರಕಾರ 1941ರ ಬೆಳೆಗೆ ಅವನಿಗೆ ಸಿಕ್ಕ ಅನುಮತಿ 11.1 ಎಕರೆ. ಬಿತ್ತಿದ್ದು 23 ಎಕರೆ. ಹೆಚ್ಚಾಗಿ ಬೆಳೆದದ್ದು 239 ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 65 ಕ್ವಿಂಟಲ್. ಬುಷೆಲ್‌ಗೆ 49 ಸೆಂಟಿನಂತೆ 117 ಡಾಲರ್ 11 ಸೆಂಟ್ ದಂಡ ಬಿತ್ತು.

ಅವನು ಹೇಳಿದ್ದಿಷ್ಟೇ: ನಾನು ಹಸು, ಕೋಳಿ ಸಾಕಿದ್ದೇನೆ. ಗೋಧಿ ಅವಕ್ಕೆ ಹಾಕುತ್ತೇನೆ, ಮನೆಗೆ ಹಿಟ್ಟು ಮಾಡುತ್ತೇನೆ, ಬೀಜಕ್ಕೆ ಇಡುತ್ತೇನೆ. ಹೆಚ್ಚಾದ ಗೋಧಿ ರಾಜ್ಯದ ಗಡಿ ಬಿಡಿ, ನನ್ನ ಬೇಲಿಯನ್ನೇ ದಾಟದಿದ್ದರೆ ಇದು ಹೇಗೆ ಅಂತರರಾಜ್ಯ ವ್ಯಾಪಾರ?

1942ರ ನವೆಂಬರಿನಲ್ಲಿ ಕೋರ್ಟ್ ಒಮ್ಮತದಿಂದ ಸರ್ಕಾರದ ಪರ ನಿಂತಿತು. ತೀರ್ಪು ಬರೆದವರು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್. ಅವರ ತರ್ಕ ನಮ್ಮ ಸಂತೆಯ ಭಾಷೆಯಲ್ಲಿ ಹೀಗೆ: ನೀನು ಮನೆಗೆ ಬೆಳೆದುಕೊಂಡರೆ ಸಂತೆಯಲ್ಲಿ ಕೊಳ್ಳುವುದಿಲ್ಲ. ನೀನೊಬ್ಬನಾದರೆ ಏನೂ ಅಲ್ಲ. ಎಲ್ಲರೂ ಹಾಗೇ ಮಾಡಿದರೆ ಬೆಲೆ ಬಿದ್ದುಹೋಗುತ್ತದೆ.

ನಲವತ್ತು ವರ್ಷದ ಹಿಂದೆ ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಇದು ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗಲೂ ಅಷ್ಟೇ. ಈ ಲೆಕ್ಕ ಹಿಡಿದರೆ ಹಿತ್ತಲ ಬದನೆಗಿಡವೂ ವ್ಯಾಪಾರವೇ. ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ಜಗತ್ತಿನ ಪೇಟೆಯಲ್ಲಿ ಗೋಧಿ ಬುಷೆಲ್‌ಗೆ 40 ಸೆಂಟ್ ಇದ್ದಾಗ ಅಮೆರಿಕದ ರೈತನಿಗೆ 1 ಡಾಲರ್ 16 ಸೆಂಟ್ ಸಿಗುತ್ತಿತ್ತು. ಈ ಕಟ್ಟುಪಾಡು ಇದ್ದದ್ದಕ್ಕೇ ಆ ಬೆಲೆ. 1941ರಲ್ಲಿ ಗೋಧಿ ರೈತರ ಮತ ಕೇಳಿದಾಗ ಶೇ 81 ಮಂದಿ ಬೇಕು ಅಂದಿದ್ದರು. ಬೆಲೆ ಎಲ್ಲರಿಗೂ ಬೇಕಿತ್ತು. ಅಳತೆ ಪಟ್ಟಿ ಹಿಡಿದು ಹೊಲಕ್ಕೆ ಬರುವವರು ಮಾತ್ರ ಬೇಡ. ನಮ್ಮಪ್ಪನೂ ಹಾಗೇ. ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಿದ್ದ ಲೆವಿ ಭತ್ತ ಅಳೆದುಕೊಟ್ಟು ಬಂದ ದಿನ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಗೆ ಅಕ್ಕಿ ಬಂದಿಲ್ಲ ಅಂತ ಬೈಯುವುದರಲ್ಲೂ ಅವರೇ ಮುಂದು.

ಅಂದಿನಿಂದ ಆ ಒಂದು ಸಾಲಿನ ಮೇಲೆ ಅಲ್ಲಿ ಏನೇನೋ ಕಟ್ಟಿದ್ದಾರೆ. ಹೋಟೆಲು ಕರಿಯರಿಗೆ ಬಾಗಿಲು ಮುಚ್ಚುವಂತಿಲ್ಲ ಅನ್ನುವ 1964ರ ಕಾಯ್ದೆ ನಿಂತಿದ್ದೂ ಅದರ ಮೇಲೇ. ಹಾಗಾಗಿ ಸುಮ್ನೆ ಬೈದುಬಿಡುವುದೂ ಕಷ್ಟ. ಇದು ಜಾಸ್ತಿ ಆಯಿತು ಅಂತ ಕೋರ್ಟ್ ಮತ್ತೆ ಹೇಳಿದ್ದು 1995ರಲ್ಲಿ, ಶಾಲೆಗೆ ಬಂದೂಕು ಒಯ್ದವನ ಪ್ರಕರಣದಲ್ಲಿ. ಗೋಧಿಯ ತೀರ್ಪನ್ನು ಮಾತ್ರ ಇವತ್ತಿಗೂ ಯಾರೂ ಅಳಿಸಿಲ್ಲ.

ನಮ್ಮ ಕೇಂದ್ರಕ್ಕೂ ಇಂಥ ಒಂದು ಸಾಲಿದೆಯೇ?
– ಸಾಗರದ ಓದುಗರು

ನಮ್ಮಲ್ಲಿ ಸಾಲಲ್ಲ, ಮೂರು ಪಟ್ಟಿಗಳೇ ಇವೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿ. ಕೃಷಿ ರಾಜ್ಯ ಪಟ್ಟಿಯಲ್ಲಿದೆ. ಆದರೆ ಆಹಾರ ಪದಾರ್ಥಗಳ ವ್ಯಾಪಾರ ಸಮವರ್ತಿ ಪಟ್ಟಿಯ 33ನೇ ನಮೂದಿನಲ್ಲಿದೆ. 1954ರ ಮೂರನೇ ತಿದ್ದುಪಡಿ ಅದನ್ನು ಹಿಗ್ಗಿಸಿತು. 2020ರ ಕೃಷಿ ಕಾಯ್ದೆಗಳಿಗೆ ಕೇಂದ್ರ ಆಧಾರವಾಗಿ ತೋರಿಸಿದ್ದು ಅದನ್ನೇ. ಬೆಳೆಯುವುದು ರಾಜ್ಯದ್ದು, ಮಾರುವುದು ಕೇಂದ್ರದ್ದು ಅಂತ ಗೆರೆ ಎಳೆಯಬಹುದೇ ಅನ್ನುವುದನ್ನು ಸುಪ್ರೀಂ ಕೋರ್ಟ್ ತೀರ್ಮಾನಿಸುವ ಮೊದಲೇ, 2021ರ ನವೆಂಬರಿನಲ್ಲಿ ಸಂಸತ್ತು ಆ ಕಾಯ್ದೆಗಳನ್ನು ರದ್ದು ಮಾಡಿತು.