ನಿಮ್ಮ ಜಡ್ಜ್ ಸಾಹೇಬರಿಗೆ ಎರಡು ತಕ್ಕಡಿ ಯಾಕೆ?

ನಮಸ್ಕಾರ.

ಜಡ್ಜ್ ಲ್ಯಾಂಡಿಸ್ ಬಗ್ಗೆ ಶಿಕಾಗೋದಿಂದ ನೀವು ಕಳಿಸಿದ ‘ಬೇಸ್‌ಬಾಲ್ ಉಳಿಸಿದ ಜಡ್ಜ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಹಾಗಂತ ಪಕ್ಕಕ್ಕಿಡೋಕೂ ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಪತ್ರ. ಬೇಡದ ಲೇಖನಕ್ಕೆ ನಾನು ಎರಡು ಸಾಲಿಗಿಂತ ಜಾಸ್ತಿ ಬರೆಯುವವನಲ್ಲ.

ಮೊದಲು ಸುಲಭದ ಕೆಲಸ. ಶುರುವಿನ ಮೂರು ಪುಟ ತೆಗೆದುಬಿಡಿ. ಪಿಚರ್ ಅಂದರೆ ನಮ್ಮ ಬೌಲರ್, ಹೋಮ್ ರನ್ ಅಂದರೆ ಸಿಕ್ಸರ್ ಅಂತೆಲ್ಲ ಹೇಳುತ್ತಾ ಹೋಗಿದ್ದೀರಿ. ಈ ಲೇಖನಕ್ಕೆ ಆಟದ ನಿಯಮ ಬೇಕಾಗಿಲ್ಲ. ಬೇಕಾಗಿರುವುದು ಕಮಿಷನರ್ ಅಂದರೆ ಯಾರು ಅನ್ನೋದು, ಅದನ್ನು ಎಲ್ಲೂ ಹೇಳಿಲ್ಲ. ನಮ್ಮಲ್ಲಿ ಪ್ರೂಫ್ ನೋಡುವವರು ಅರ್ಧ ಲೇಖನದವರೆಗೆ ಇದು ಪೊಲೀಸ್ ಕಮಿಷನರ್ ಕಥೆ ಅಂದುಕೊಂಡಿದ್ದರು!

ಒಂದು ಪ್ಯಾರಾ ಸಾಕು. 1919ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್‌ನಲ್ಲಿ, ಶಿಕಾಗೋ ವೈಟ್ ಸಾಕ್ಸ್ ತಂಡದ ಕೆಲವರು ಜೂಜುಕೋರರ ದುಡ್ಡು ತಿಂದು ಬೇಕಂತಲೇ ಸೋತರು ಅನ್ನೋದು ಮರುವರ್ಷ ಬಯಲಾಯಿತು. ಜನ ಆಟ ನಂಬದಿದ್ದರೆ ಟಿಕೆಟ್ ಯಾರು ಕೊಳ್ಳುತ್ತಾರೆ? ಮೇಜರ್ ಲೀಗ್ ಅಂತ ಕರೆಯುವ ಎರಡು ದೊಡ್ಡ ಲೀಗ್‌ಗಳ 16 ತಂಡದ ಮಾಲೀಕರಿಗೆ ನಡುಕ ಹುಟ್ಟಿತು. ಶಿಕಾಗೋದ ಫೆಡರಲ್ ಜಡ್ಜ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಅವರನ್ನು ಕರೆತಂದು ಕಮಿಷನರ್ ಅಂತ ತಮ್ಮ ತಲೆಯ ಮೇಲೇ ಕೂರಿಸಿಕೊಂಡರು. ಅವರು ಹೇಳಿದ್ದೇ ಕೊನೆ ಮಾತು ಅಂತ ಒಪ್ಪಿ ಸಹಿ ಹಾಕಿದರು. 1920ರ ನವೆಂಬರ್‌ನಲ್ಲಿ ಆರಿಸಿ ಬಂದವರು 1944ರ ನವೆಂಬರ್‌ನಲ್ಲಿ ಸಾಯುವವರೆಗೂ ಕುರ್ಚಿ ಬಿಡಲಿಲ್ಲ. ಇಷ್ಟೇ ವಿಷಯ. ಹೆಸರಿನ ಕಥೆ ಮಾತ್ರ ತೆಗೆಯಬೇಡಿ. ಜಾರ್ಜಿಯಾದ ಕೆನೆಸಾ ಬೆಟ್ಟದ ಯುದ್ಧದಲ್ಲಿ ಅಪ್ಪನಿಗೆ ಗಾಯವಾಗಿದ್ದು, ಮಗನಿಗೆ ಆ ಬೆಟ್ಟದ ಹೆಸರೇ ಇಟ್ಟಿದ್ದು, ಅದರ ಇಂಗ್ಲಿಷ್ ಸ್ಪೆಲಿಂಗ್‌ನಲ್ಲೂ ಒಂದು ಅಕ್ಷರ ಬಿಟ್ಟುಹೋಗಿದ್ದು. ಓದಿ ನಕ್ಕೆ.

ಬಕ್ ವೀವರ್ ಬಗ್ಗೆ ಬರೆದ ಪುಟ ನಿಮ್ಮ ಲೇಖನದಲ್ಲೇ ಚೆನ್ನಾಗಿರುವ ಪುಟ. ಅದರಲ್ಲಿ ಒಂದು ಪದವನ್ನೂ ನಾನು ಮುಟ್ಟುವುದಿಲ್ಲ. ಥರ್ಡ್ ಬೇಸ್‌ನಲ್ಲಿ ಆಡುತ್ತಿದ್ದವರು. ದುಡ್ಡು ಮುಟ್ಟಲಿಲ್ಲ. ಆ ಸೀರೀಸ್‌ನಲ್ಲಿ .324 ಸರಾಸರಿಯಲ್ಲಿ (ಬೇಸ್‌ಬಾಲ್‌ನಲ್ಲಿ ಅದು ಒಳ್ಳೆಯ ಲೆಕ್ಕ) ಬ್ಯಾಟ್ ಬೀಸಿದರು. ಸಂಚಿನ ಮಾತುಕತೆ ಗೊತ್ತಿದ್ದೂ ಬಾಯಿ ಬಿಡಲಿಲ್ಲ, ಅದೇ ತಪ್ಪು. 1921ರ ಆಗಸ್ಟ್ 2ಕ್ಕೆ ಜ್ಯೂರಿ ಆಟಗಾರರನ್ನು ಬಿಟ್ಟು ಕಳಿಸಿತು. ಮರುದಿನವೇ ಲ್ಯಾಂಡಿಸ್ ಹೇಳಿಕೆ ಬಂತು: ಜ್ಯೂರಿ ಏನೇ ಹೇಳಲಿ, ಆಟ ಮಾರಿಕೊಂಡವರೂ, ಗೊತ್ತಿದ್ದು ಸುಮ್ಮನಿದ್ದವರೂ ಇನ್ನು ಆಡುವ ಹಾಗಿಲ್ಲ. ಎಂಟು ಜನ ಹೊರಗೆ ಹೋದರು. ವೀವರ್ 1956ರಲ್ಲಿ ಸಾಯುವವರೆಗೂ ಹೆಸರು ತೊಳೆದುಕೊಳ್ಳೋಕೆ ಅರ್ಜಿ ಹಾಕುತ್ತಲೇ ಇದ್ದರು. ನೀವು ಬರೆದಿದ್ದೀರಿ: ‘ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಕೋರ್ಟಿನ ತೀರ್ಪೂ ನಿಲ್ಲುವುದಿಲ್ಲ.’

ಸರಿ. ಇದೇ ಮಾತನ್ನು ಹಿಡಿದುಕೊಂಡು ಹನ್ನೊಂದನೇ ಪುಟಕ್ಕೆ ಬನ್ನಿ. ಲ್ಯಾಂಡಿಸ್ ಇದ್ದ 24 ವರ್ಷದಲ್ಲಿ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಆಟಗಾರನೂ ಆಡಲಿಲ್ಲ. ಅದಕ್ಕೆ ನೀವು ಕೊಟ್ಟ ಉತ್ತರ: ‘ಆ ಕಾಲವೇ ಹಾಗಿತ್ತು. ಮಾಲೀಕರು ಒಪ್ಪುತ್ತಿರಲಿಲ್ಲ. ಒಬ್ಬ ಮನುಷ್ಯ ತಾನೇ ಏನು ಮಾಡಿಯಾನು?’

ವೀವರ್ ಪುಟದಲ್ಲಿ ಜ್ಯೂರಿಯನ್ನೇ ಬದಿಗೆ ಸರಿಸಿದ ‘ಒಬ್ಬ ಮನುಷ್ಯ’ ಇಲ್ಲಿ ಯಾಕೆ ಪಾಪದವನಾದ? ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದರೆ ಇದೇ ಅಲ್ವಾ? ಅಧಿಕಾರ ಇತ್ತು ಅಂತಾದರೆ ಎರಡೂ ಕಡೆ ಇತ್ತು. ಇರಲಿಲ್ಲ ಅನ್ನೋದಾದರೆ ನಿಮ್ಮ ತಲೆಬರಹವೇ ನಿಲ್ಲುವುದಿಲ್ಲ.

ಮಾಲೀಕರಿಗೆ ಬೇಡದ ಕೆಲಸಕ್ಕೆ ಲ್ಯಾಂಡಿಸ್ ಕೈ ಹಾಕುತ್ತಲೇ ಇರಲಿಲ್ಲ ಅಂತೀರಾ? ಹಾಕಿದ್ದರು. ದೊಡ್ಡ ತಂಡಗಳು ಸಣ್ಣ ಊರಿನ ತಂಡಗಳನ್ನು ಕೊಂಡು ನೂರಾರು ಹುಡುಗರನ್ನು ಕೂಡಿಹಾಕಿಕೊಳ್ಳುವ ಪದ್ಧತಿ ಅವರಿಗೆ ಆಗಿಬರುತ್ತಿರಲಿಲ್ಲ. 1938ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕೈಯಿಂದ 70ಕ್ಕೂ ಹೆಚ್ಚು ಆಟಗಾರರನ್ನು ಬಿಡಿಸಿದರು. 1940ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಕೈಯಿಂದ ಸುಮಾರು 90 ಜನರನ್ನು. ಆ ಪದ್ಧತಿಯೇನೂ ನಿಲ್ಲಲಿಲ್ಲ, ಅವರೇ ಸೋತರು. ಆದರೂ ಎದುರಿಗೆ ನಿಂತು ಜಗಳ ಆಡಿದರು. ಬಣ್ಣದ ವಿಷಯದಲ್ಲಿ ಅಂಥ ಒಂದು ಜಗಳ ತೋರಿಸಿ, ನಿಮ್ಮ ವಾಕ್ಯ ಉಳಿಸಿಕೊಳ್ಳುತ್ತೇನೆ. ಇನ್ನೊಂದು: ಕಾರ್ಡಿನಲ್ಸ್‌ನಲ್ಲಿ ಆ ಪದ್ಧತಿ ಕಟ್ಟಿದವರು ಬ್ರಾಂಚ್ ರಿಕಿ. ಲ್ಯಾಂಡಿಸ್ ಸತ್ತು ಹನ್ನೊಂದು ತಿಂಗಳಿಗೆ, 1945ರ ಅಕ್ಟೋಬರ್‌ನಲ್ಲಿ, ಮೇಜರ್ ಲೀಗ್‌ನ ಬಾಗಿಲು ತೆರೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಅವರನ್ನು ಸೇರಿಸಿಕೊಂಡವರೂ ಅದೇ ರಿಕಿ, ಆಗ ಬ್ರೂಕ್ಲಿನ್ ತಂಡದಲ್ಲಿದ್ದರು. ನಿಮ್ಮ ಲೇಖನದಲ್ಲಿ ರಿಕಿ ಹೆಸರೇ ಇಲ್ಲ!

‘ಆ ಕಾಲವೇ ಹಾಗಿತ್ತು’ ಅನ್ನೋದು ಸೋಮಾರಿ ವಾಕ್ಯ. ನಾನೂ ಹಿಂದೆ ಬರೆದಿದ್ದೇನೆ, ಅದಕ್ಕೇ ವಾಸನೆ ಬೇಗ ಬಡಿಯುತ್ತೆ. ಆ ಕಾಲದಲ್ಲೇ ಕೇಳಿದವರಿದ್ದರು. ಕಪ್ಪು ಜನರ ಪತ್ರಿಕೆ ಪಿಟ್ಸ್‌ಬರ್ಗ್ ಕೊರಿಯರ್‌ನಲ್ಲಿ ವೆಂಡೆಲ್ ಸ್ಮಿತ್ ವರ್ಷಗಟ್ಟಲೆ ಬರೆದರು. 1943ರ ಡಿಸೆಂಬರ್‌ನಲ್ಲಿ ಪಾಲ್ ರೋಬ್ಸನ್ ಮಾಲೀಕರ ಸಭೆಗೇ ಬಂದರು. ಆಗ ಅವರು ಬ್ರಾಡ್‌ವೇಯಲ್ಲಿ ಒಥೆಲೊ ಆಡುತ್ತಿದ್ದ ಹೆಸರಾಂತ ಕಪ್ಪು ನಟ. ಸಭೆಗೆ ಅವರ ಪರಿಚಯ ಮಾಡಿಕೊಟ್ಟವರು ಯಾರು ಗೊತ್ತಾ? ಲ್ಯಾಂಡಿಸ್. ಕಪ್ಪು ಆಟಗಾರರನ್ನು ತಡೆಯುವ ಯಾವ ನಿಯಮವೂ ಇಲ್ಲ ಅನ್ನೋದು ಅವರ ಖಾಯಂ ಉತ್ತರ. ರೋಬ್ಸನ್ ಮಾತಾಡಿದರು. ಮಾಲೀಕರು ಕೇಳಿಸಿಕೊಂಡರು. ಒಬ್ಬನೇ ಒಬ್ಬ ಆಟಗಾರನೂ ಒಳಗೆ ಬರಲಿಲ್ಲ. ನೀವು ಹೊಸದಾಗಿ ಬರೆಯಬೇಕಾದ್ದು ಈ ಕೋಣೆಯನ್ನು. ಇದಕ್ಕೆ ಎರಡು ಪುಟ ಕೊಟ್ಟರೂ ನನಗೆ ಬೇಜಾರಿಲ್ಲ.

ಹಾಗಂತ ಈಗ ಲ್ಯಾಂಡಿಸ್ ಅವರನ್ನು ಖಳನಾಯಕ ಮಾಡಿ ಕಳಿಸಬೇಡಿ, ದಯವಿಟ್ಟು. ಕಪ್ಪು ಆಟಗಾರರನ್ನು ಹೊರಗಿಡುವ ಗೆರೆ ಎಳೆದವರು ಅವರಲ್ಲ, 19ನೇ ಶತಮಾನದಲ್ಲೇ ಎಳೆದಾಗಿತ್ತು. ಇನ್ನು ಬೇಸ್‌ಬಾಲ್ ತಂಡಗಳ ಮಾಲೀಕ ಬಿಲ್ ವೀಕ್ ಫಿಲಡೆಲ್ಫಿಯಾ ತಂಡ ಕೊಂಡು ಕಪ್ಪು ಆಟಗಾರರನ್ನು ತುಂಬಲು ಹೊರಟಾಗ ಲ್ಯಾಂಡಿಸ್ ಅಡ್ಡಗಾಲು ಹಾಕಿದರು ಅಂತ ಅಡಿಟಿಪ್ಪಣಿಯಲ್ಲಿ ಬರೆದಿದ್ದೀರಿ. ಅದು ವೀಕ್ ತಾವೇ ಆಮೇಲೆ ಹೇಳಿಕೊಂಡ ಕಥೆ. ಇದಕ್ಕೆ ಆಧಾರ ಸಾಲದು ಅಂತ 1998ರಲ್ಲಿ ಮೂವರು ಸಂಶೋಧಕರು ಬರೆದರು, ಅದಕ್ಕೆ ಆಕ್ಷೇಪವೂ ಬಂತು. ಹಾಕುವುದಾದರೆ ‘ವೀಕ್ ಹೇಳುವ ಪ್ರಕಾರ’ ಅಂತ ಹಾಕಿ.

ಕೊನೆಯ ಪ್ಯಾರಾ, ‘ಇತಿಹಾಸವೇ ತೀರ್ಪು ನೀಡಲಿ’ ಅನ್ನೋದು, ಪೂರ್ತಿ ಹೋಗಬೇಕು. ತೀರ್ಪು ನೀವೇ ಕೊಡಿ. ಅದಕ್ಕಾಗಿಯೇ ನಿಮ್ಮ ಲೇಖನ ಓದುತ್ತಿದ್ದೇವೆ.

ಶುರು ಎಲ್ಲಿಂದ ಅಂತ ಕೇಳಿದ್ದಿರಿ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಎಂವಿಪಿ ಫಲಕದಿಂದ ಶುರು ಮಾಡಿ. 1944ರಿಂದ ಅದರ ಮೇಲೆ ಲ್ಯಾಂಡಿಸ್ ಹೆಸರಿತ್ತು, ಅದೂ ಗೆದ್ದವನ ಹೆಸರಿನ ಎರಡರಷ್ಟು ದೊಡ್ಡ ಅಕ್ಷರದಲ್ಲಿ. 1949ರಲ್ಲಿ ರಾಬಿನ್ಸನ್ ಗೆದ್ದರು. ಆಮೇಲೆ ಇನ್ನಷ್ಟು ಕಪ್ಪು ಆಟಗಾರರು: ಕ್ಯಾಂಪನೆಲ್ಲಾ, ವಿಲ್ಲಿ ಮೇಸ್, ಹ್ಯಾಂಕ್ ಆರನ್. 2020ರ ಅಕ್ಟೋಬರ್‌ನಲ್ಲಿ ಬೇಸ್‌ಬಾಲ್ ಬರಹಗಾರರ ಸಂಘ ಮತ ಹಾಕಿ ಆ ಹೆಸರು ತೆಗೆಯಿತು. ಆ ವರ್ಷ ಅಮೆರಿಕನ್ ಲೀಗ್ ಎಂವಿಪಿ ಕ್ಯೂಬಾದಲ್ಲಿ ಹುಟ್ಟಿದ ಹೊಸೆ ಅಬ್ರೆಯು. ಆಡುತ್ತಿದ್ದದ್ದು ಶಿಕಾಗೋ ವೈಟ್ ಸಾಕ್ಸ್‌ಗೆ.

ನಿಮ್ಮೂರಿನ ತಂಡ, ನಿಮ್ಮ ಲೇಖನದ ಆ ಎಂಟು ಜನ ಆಡಿದ್ದ ತಂಡ. ಇದನ್ನು ಹೇಗೆ ಬಿಟ್ಟಿರಿ ಮಾರಾಯರೇ? 1500 ಪದದೊಳಗೆ ಮತ್ತೆ ಬರೆದು ಕಳಿಸಿ, ಯುಗಾದಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.