ಸಂಪಾದಕರ ಉತ್ತರ: ರಂಗಭೂಮಿಯಿಂದ ಸಾಫ್ಟ್‌ವೇರ್ ಟೆಸ್ಟಿಂಗಿಗೆ

ಮಾನ್ಯರೇ,

ನಿಮ್ಮ ಪತ್ರ ತಲುಪಿ ಮೂರು ವಾರವಾಯಿತು. ಹೆಸರು ಪ್ರಕಟಿಸಬಾರದೆಂದು ಕೇಳಿಕೊಂಡಿರುವುದರಿಂದ ಹೆಸರನ್ನೂ ಊರನ್ನೂ ಬಿಟ್ಟು, ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಮೊದಲು ಹೇಳುತ್ತೇನೆ. ಕನ್ನಡ ಎಂ.ಎ. ಮತ್ತು ರಂಗಶಿಕ್ಷಣದ ಡಿಪ್ಲೊಮಾ ಮುಗಿಸಿದ ನೀವು ಒಂಬತ್ತು ವರ್ಷ ತಿರುಗಾಟದ ತಂಡವೊಂದರಲ್ಲಿ ರಂಗನಿರ್ವಹಣೆ ನೋಡಿಕೊಂಡು, ನಡುನಡುವೆ ಶಾಲಾ ಮಕ್ಕಳಿಗೆ ನಾಟಕ ಕಲಿಸಿದ್ದೀರಿ. ಈಗ ನಿಮಗೆ 32 ವರ್ಷ. ಬೇಸಿಗೆ ಶಿಬಿರಗಳ ಸಂಭಾವನೆಯಲ್ಲಿ ಮಳೆಗಾಲ ಕಳೆಯುವುದು ಇನ್ನು ಸಾಧ್ಯವಿಲ್ಲವೆಂದು ಬರೆದಿದ್ದೀರಿ. ಬೆಂಗಳೂರಿನ ತರಬೇತಿ ಕೇಂದ್ರವೊಂದು 85,000 ರೂಪಾಯಿ ಕಟ್ಟಿದರೆ ನಾಲ್ಕು ತಿಂಗಳಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ತಂತ್ರಾಂಶದಲ್ಲಿ ತಪ್ಪು ಹುಡುಕುವ ಕೆಲಸ, ಕಲಿಸಿ ಕೆಲಸ ಕೊಡಿಸುವ ಖಾತರಿ ನೀಡಿದೆ, ಅದಕ್ಕಾಗಿ ಅಮ್ಮನ ಸರವನ್ನು ಅಡವಿಡುವ ಮಾತು ಮನೆಯಲ್ಲಿ ನಡೆದಿದೆ. ಕಲೆಯಿಂದ ಬಂದವರಿಗೆ ಈ ಕೆಲಸ ಒಗ್ಗುತ್ತದೆಯೇ, ಹಣ ಕಟ್ಟಬೇಕೇ, ಅರ್ಜಿಯಲ್ಲಿ ಒಂಬತ್ತು ವರ್ಷಗಳ ನಾಟಕವನ್ನು ಮುಚ್ಚಿಡಬೇಕೇ ಎಂಬುದು ನಿಮ್ಮ ಮೂರು ಪ್ರಶ್ನೆಗಳು.

ಎರಡನೆಯ ಪ್ರಶ್ನೆಗೆ ಗಡುವಿರುವುದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ದಯವಿಟ್ಟು ಸರ ಅಡವಿಡಬೇಡಿ. ಇನ್ನೊಂದು ಕಂಪನಿಯ ನೇಮಕಾತಿಗೆ ಖಾತರಿ ಕೊಡುವ ಅಧಿಕಾರ ಯಾವ ತರಬೇತಿ ಕೇಂದ್ರಕ್ಕೂ ಇಲ್ಲ. ಅದಕ್ಕಿಂತ ನನ್ನನ್ನು ಕಳವಳಗೊಳಿಸಿದ್ದು ನೀವು ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿರುವ ಸಾಲು: ‘ಎರಡು ವರ್ಷದ ಅನುಭವ ಪತ್ರವನ್ನೂ ಅವರೇ ಮಾಡಿಸಿಕೊಡುತ್ತಾರಂತೆ.’ ಅದು ಸುಳ್ಳು ದಾಖಲೆ. ನೇಮಕವಾದ ಮೇಲೆ ಕಂಪನಿಗಳು ಹಿಂದಿನ ಉದ್ಯೋಗದ ದಾಖಲೆಗಳನ್ನು, ಭವಿಷ್ಯನಿಧಿಯ ವಿವರಗಳನ್ನು ಪರಿಶೀಲಿಸುತ್ತವೆ. ಸಿಕ್ಕಿಬಿದ್ದವರು ಕೆಲಸವನ್ನಷ್ಟೇ ಅಲ್ಲದೆ ಮುಂದಿನ ಬಾಗಿಲುಗಳನ್ನೂ ಕಳೆದುಕೊಳ್ಳುತ್ತಾರೆ. ತಪ್ಪನ್ನು ಹುಡುಕಿ ನಿಜವನ್ನು ವರದಿ ಮಾಡುವ ಕೆಲಸಕ್ಕೆ ಹೀಗೆ ಕಾಲಿಡುವುದು ನಿಮ್ಮಂಥವರಿಗೆ ಒಪ್ಪುವುದಿಲ್ಲ.

ಇನ್ನು ಒಗ್ಗುತ್ತದೆಯೇ ಎಂಬ ಪ್ರಶ್ನೆ. ರಂಗನಿರ್ವಹಣೆ ಮಾಡಿದವರಿಗೆ ಈ ಕೆಲಸದ ಅರ್ಧ ಭಾಗ ಆಗಲೇ ಗೊತ್ತಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರನೆಯ ದೃಶ್ಯದಲ್ಲಿ ದೀಪ ತಡವಾಗಿ ಬಂದರೆ ನೀವು ‘ಲೈಟ್ ಸರಿಯಿಲ್ಲ’ ಎಂದು ಹೇಳಿ ಸುಮ್ಮನಾಗುತ್ತಿರಲಿಲ್ಲ. ಯಾವ ಮಾತಿನ ಮೇಲೆ ಬರಬೇಕಿತ್ತು, ಎಷ್ಟು ತಡವಾಯಿತು, ನಿನ್ನೆಯ ತಾಲೀಮಿನಲ್ಲೂ ಹಾಗೇ ಆಗಿತ್ತೇ ಎಂದು ಗುರುತು ಹಾಕಿಕೊಂಡು ಹೇಳುತ್ತಿದ್ದಿರಿ. ಟೆಸ್ಟರ್ ಬರೆಯುವ ಬಗ್ ವರದಿಯ, ಅಂದರೆ ತಂತ್ರಾಂಶದ ದೋಷದ ವರದಿಯ, ಅಂಗಾಂಗಗಳೂ ಇವೇ: ಏನು ಮಾಡಿದಾಗ ತಪ್ಪು ಕಾಣಿಸಿತು, ಏನಾಗಬೇಕಿತ್ತು, ಏನಾಯಿತು, ಯಾವ ಫೋನಿನಲ್ಲಿ ಅಥವಾ ಬ್ರೌಸರಿನಲ್ಲಿ, ಪ್ರತಿ ಸಲವೂ ಆಗುತ್ತದೆಯೇ.

ನಮ್ಮ ಕಚೇರಿಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಹಳೆಯ ಫಾಂಟಿನಲ್ಲಿದ್ದ ಸಂಚಿಕೆಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡಿಗೆ ಪರಿವರ್ತಿಸಿದಾಗ ‘ಕರ್ನಾಟಕ’ವೆಲ್ಲ ‘ಕನಾರ್ಟಕ’ವಾಯಿತು, ‘ಧರ್ಮ’ ‘ಧಮರ್’ ಆಯಿತು. ಪರಿವರ್ತಕವನ್ನು ಬರೆದ ಹುಡುಗನಿಗೆ ನಾವೆಲ್ಲ ‘ಅಕ್ಷರ ಕೆಟ್ಟಿದೆ’ ಎಂದು ಫೋನ್ ಮಾಡಿದೆವು, ಏನೂ ಆಗಲಿಲ್ಲ. ನಮ್ಮ ಕರಡು ತಿದ್ದುವವರು, ಅವರೂ ಕನ್ನಡ ಎಂ.ಎ., ಒಂದು ಸಂಜೆ ಕುಳಿತು ಕೆಟ್ಟ ಪದಗಳನ್ನೆಲ್ಲ ಸಾಲಾಗಿ ಬರೆದು, ಅರ್ಕಾವತ್ತು ಇರುವ ಪದಗಳು ಮಾತ್ರ ಕೆಡುತ್ತಿವೆ, ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ದಾಖಲಾಗುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು ಎಂದು ತೋರಿಸಿಕೊಟ್ಟರು. ಮರುದಿನವೇ ಸರಿಯಾಯಿತು. ಅವರಿಗೆ ಒಂದು ಸಾಲು ಕೋಡ್ ಬರೆಯಲು ಬರುತ್ತಿರಲಿಲ್ಲ.

ಭಾಷೆ ಬಲ್ಲವರಿಗೆ ಮಾತ್ರ ಹೊಳೆಯುವ ತಪ್ಪುಗಳು ಇನ್ನೂ ಬೇಕಾದಷ್ಟಿವೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ; ಯೂನಿಕೋಡಿನಲ್ಲಿ ಅದು 6 ಸಂಕೇತಗಳ ಸರಣಿ, ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ 18 ಬೈಟ್ (ಸಂಗ್ರಹದ ಅಳತೆ). ಹೆಸರಿನ ಜಾಗಕ್ಕೆ 20 ಬೈಟ್‌ಗಳ ಮಿತಿ ಹಾಕಿದ ತಂತ್ರಾಂಶ ಕನ್ನಡದ ಹೆಸರನ್ನು ಎಲ್ಲಿ ತುಂಡರಿಸೀತು, ಕೊನೆಯಲ್ಲಿ ಅರ್ಧಾಕ್ಷರ ನೇತಾಡೀತೇ ಎಂದು ನೋಡಬೇಕೆನ್ನುವುದು ಇಂಗ್ಲಿಷಿನಲ್ಲೇ ಟೈಪ್ ಮಾಡಿ ಅಭ್ಯಾಸವಾದವರಿಗೆ ತೋಚುವುದು ಕಡಿಮೆ. ಕುಲನಾಮದ ಬದಲು ಒಂದೇ ಇನಿಷಿಯಲ್ ಇರುವವರು ನಮ್ಮಲ್ಲಿ ಮನೆಮನೆಗೂ ಇದ್ದರೂ ಎಷ್ಟೋ ಅರ್ಜಿ ನಮೂನೆಗಳು ಒಂದಕ್ಷರದ ಕೊನೆಯ ಹೆಸರನ್ನು ಒಪ್ಪುವುದಿಲ್ಲ. ದೊಡ್ಡ ಕಂಪನಿಗಳೂ ಇಂಥಲ್ಲಿ ಎಡವಿವೆ: 2018ರ ಫೆಬ್ರವರಿಯಲ್ಲಿ ತೆಲುಗು ಲಿಪಿಯ ‘ಜ್ಞಾ’ ಎಂಬ ಒಂದು ಅಕ್ಷರ ಸಂದೇಶದಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು, ಆ್ಯಪಲ್ ಅದೇ ತಿಂಗಳು ತಿದ್ದುಪಡಿ ಬಿಡುಗಡೆ ಮಾಡಬೇಕಾಯಿತು.

ಆದರೆ ಉಳಿದರ್ಧವನ್ನು ನಾನು ಸಿಹಿ ಮಾಡಿ ಹೇಳಲಾರೆ. ದೊಡ್ಡ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಬಹುಮಟ್ಟಿಗೆ ಬಿ.ಇ., ಬಿ.ಸಿ.ಎ., ಬಿ.ಎಸ್‌ಸಿ. ಪದವಿಗಳನ್ನೇ ಜರಡಿಯಾಗಿ ಬಳಸುತ್ತವೆ. ನಿಮ್ಮ ಅರ್ಜಿಯನ್ನು ಮನುಷ್ಯರು ಓದುವ ಮೊದಲೇ ಬದಿಗೆ ಸರಿಸಬಹುದು. ಪರದೆಯ ಮೇಲೆ ಕ್ಲಿಕ್ ಮಾಡಿ ನೋಡುವ ಮ್ಯಾನುಯಲ್ ಟೆಸ್ಟಿಂಗನ್ನಷ್ಟೇ ಬಲ್ಲವರಿಗೆ ಅವಕಾಶ ಕುಗ್ಗುತ್ತಿದೆ, ಏಕೆಂದರೆ ಪದೇಪದೇ ಮಾಡುವ ಪರೀಕ್ಷೆಗಳನ್ನು ಸೆಲೆನಿಯಮ್‌ನಂಥ ಸಾಧನಗಳು ವರ್ಷಗಳಿಂದ ಮಾಡುತ್ತಿವೆ, ಈಗ ಏನನ್ನು ಹೇಗೆ ಪರೀಕ್ಷಿಸಬೇಕೆಂದು ಹೇಳುವ ಟೆಸ್ಟ್ ಕೇಸ್‌ಗಳ ಕರಡನ್ನು ಕೃತಕ ಬುದ್ಧಿಮತ್ತೆಯೂ ಬರೆಯುತ್ತಿದೆ. ಆದ್ದರಿಂದ ಮಾಹಿತಿ ತುಂಬಿಟ್ಟ ಡೇಟಾಬೇಸನ್ನು ವಿಚಾರಿಸುವಷ್ಟು ಅದರ ಭಾಷೆಯಾದ ಎಸ್‌ಕ್ಯೂಎಲ್, ಬ್ರೌಸರ್ ಮತ್ತು ಸರ್ವರ್ ನಡುವೆ ಏನು ಹೋಗಿ ಏನು ಬರುತ್ತದೆ ಎಂಬ ತಿಳಿವಳಿಕೆ, ಪೈಥಾನ್ ಅಥವಾ ಜಾವಾದಲ್ಲಿ ಸಣ್ಣ ಪ್ರೋಗ್ರಾಂ ಬರೆಯುವ ಕೈ, ಇಷ್ಟನ್ನಾದರೂ ನೀವು ಕಲಿಯಲೇಬೇಕು. ನಾಲ್ಕು ತಿಂಗಳಲ್ಲಿ ಇದು ಮುಗಿಯುವುದು ಕಷ್ಟ. ಶಿಬಿರಗಳ ಕೆಲಸ ಬಿಡದೆ ದಿನಕ್ಕೆ ಎರಡು ಗಂಟೆ ಕೂತರೆ ಒಂದು ವರ್ಷ ಬೇಕಾದೀತೆಂದು ನನ್ನ ಅಂದಾಜು. ಸೆಲೆನಿಯಮ್ ಆಗಲಿ ಪೈಥಾನ್ ಆಗಲಿ ಉಚಿತ, ಕಲಿಕೆಯ ಸಾಮಗ್ರಿಯೂ ಬಹಳಷ್ಟು ಉಚಿತವಾಗಿಯೇ ಸಿಗುತ್ತದೆ. 85,000 ರೂಪಾಯಿಯ ಮಾತು ಬಂದಾಗ ಇದನ್ನು ಮನೆಯವರಿಗೂ ತಿಳಿಸಿ.

ಹಣ ಖರ್ಚು ಮಾಡಲೇಬೇಕೆಂದರೆ, ಟೆಸ್ಟರುಗಳಿಗೆ ಪ್ರಮಾಣಪತ್ರ ನೀಡುವ ಅಂತರರಾಷ್ಟ್ರೀಯ ಐಎಸ್‌ಟಿಕ್ಯೂಬಿ ಸಂಸ್ಥೆಯ ಫೌಂಡೇಷನ್ (ಮೊದಲ ಹಂತದ) ಪರೀಕ್ಷೆಗೆ ಮಾಡಿ. ಅದಕ್ಕೆ ಪದವಿಯ ನಿರ್ಬಂಧವಿಲ್ಲ. 40 ಪ್ರಶ್ನೆ, 60 ನಿಮಿಷ, 26 ಸರಿ ಉತ್ತರ ಕೊಟ್ಟರೆ ತೇರ್ಗಡೆ. ಪಠ್ಯಕ್ರಮವನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಓದಬಹುದು. ಈ ಪ್ರಮಾಣಪತ್ರದಿಂದಲೇ ಕೆಲಸ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ, ಆದರೆ ಸಂದರ್ಶನದಲ್ಲಿ ಕೇಳುವ ಪರಿಭಾಷೆ ಅದರಿಂದ ಕ್ರಮವಾಗಿ ಬರುತ್ತದೆ. ಗಡಿ ಮೌಲ್ಯಗಳ ವಿಧಾನವನ್ನೇ ನೋಡಿ: ಒಬ್ಬರಿಗೆ 1ರಿಂದ 6 ಟಿಕೆಟ್ ಎಂಬ ನಿಯಮವಿದ್ದರೆ 3 ಅಥವಾ 4 ಕೊಟ್ಟು ನೋಡಿದರೆ ಸಾಲದು, 0, 1, 6, 7 ಇವನ್ನು ಪರೀಕ್ಷಿಸಬೇಕು, ತಪ್ಪುಗಳು ಅಂಚಿನಲ್ಲೇ ಹೆಚ್ಚು ಕೂತಿರುತ್ತವೆ. ದೃಶ್ಯ ಬದಲಾವಣೆಯ ಕ್ಷಣದಲ್ಲೇ ನಾಟಕ ಮುಗ್ಗರಿಸುವುದನ್ನು ಕಂಡಿರುವ ನಿಮಗೆ ಇದನ್ನು ಉರುಹೊಡೆಯುವ ಅಗತ್ಯ ಬೀಳದು.

ಜರಡಿಯನ್ನು ದಾಟುವ ದಾರಿ, ನನಗೆ ತೋರುವಂತೆ, ಮಾಡಿದ ಕೆಲಸವನ್ನು ತೋರಿಸುವುದು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳಿಗೆ ಕನ್ನಡದ ಆವೃತ್ತಿಗಳಿವೆ, ಅವುಗಳ ಬಗ್ ಪಟ್ಟಿ ಸಾರ್ವಜನಿಕವಾಗಿದೆ, ಅಲ್ಲಿ ಯಾರು ಬೇಕಾದರೂ ವರದಿ ಸಲ್ಲಿಸಬಹುದು. ಕನ್ನಡದ ಇಪ್ಪತ್ತು ತಪ್ಪುಗಳನ್ನು ನಮ್ಮ ಕರಡು ತಿದ್ದುವವರ ಹಾಗೆ ಕಾರಣ ಸಹಿತ ವರದಿ ಮಾಡಿದರೆ ಅದು ನಿಮ್ಮ ಹೆಸರಿನಲ್ಲಿ ಉಳಿಯುವ ನಿಜವಾದ ದಾಖಲೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ದೃಷ್ಟಿಹೀನರಿಗೆ ಓದಿ ಹೇಳುತ್ತದೆ. ಕಣ್ಣುಮುಚ್ಚಿಕೊಂಡು ಅದರ ನೆರವಿನಲ್ಲಿ ಒಂದು ಬಸ್ ಟಿಕೆಟ್ ಕಾದಿರಿಸಲು ಪ್ರಯತ್ನಿಸಿದರೆ ಎಷ್ಟು ಬಟನ್‌ಗಳಿಗೆ ಹೆಸರೇ ಇಲ್ಲವೆಂಬುದು ತಿಳಿಯುತ್ತದೆ. ಬೇರೊಬ್ಬರ ದೇಹದಲ್ಲಿ ನಿಂತು ನೋಡುವುದು ನಟರಿಗೆ ಕಲಿತ ವಿದ್ಯೆ. ಭಾಷಾ ಪರೀಕ್ಷೆ ಮತ್ತು ಈ ಬಗೆಯ ಪರೀಕ್ಷೆ ಬೇಕಾದ ಸಣ್ಣ ಕಂಪನಿಗಳಿಗೆ ನೇರವಾಗಿ ಬರೆಯಿರಿ. ಗ್ರಾಹಕ ಸೇವೆಯ ಕೆಲಸಕ್ಕೆ ಸೇರಿ ಅಲ್ಲಿಂದ ಅದೇ ಕಂಪನಿಯೊಳಗೆ ಟೆಸ್ಟಿಂಗಿಗೆ ಹೋಗುವವರೂ ಇದ್ದಾರೆ.

ಕೊನೆಯ ಪ್ರಶ್ನೆ, ಮುಚ್ಚಿಡುವುದರ ಕುರಿತು. ‘ರಂಗಭೂಮಿಯನ್ನು ಬಿಟ್ಟು ಓಡಿದವಳು ಎನ್ನುತ್ತಾರೆ’ ಎಂದು ಬರೆದಿದ್ದೀರಿ. ಹೊಟ್ಟೆಪಾಡಿಗಾಗಿ ಬ್ಯಾಂಕಿನಲ್ಲಿ, ಶಾಲೆಯಲ್ಲಿ ದುಡಿದು ಸಂಜೆ ತಾಲೀಮಿಗೆ ಬರುವ ಹವ್ಯಾಸಿ ಕಲಾವಿದರಿಂದಲೇ ಕನ್ನಡ ರಂಗಭೂಮಿಯ ಬಹುಪಾಲು ನಡೆದುಬಂದಿದೆ, ಅವರನ್ನು ಯಾರೂ ಹಾಗೆ ಕರೆದಿಲ್ಲ. ಅರ್ಜಿಯಲ್ಲಿ ಒಂಬತ್ತು ವರ್ಷ ಖಾಲಿ ಬಿಟ್ಟರೆ ಏನು ಮಾಡುತ್ತಿದ್ದಿರಿ ಎಂದು ಕೇಳಿಯೇ ಕೇಳುತ್ತಾರೆ. ‘ಕಲಾವಿದೆ’ ಎಂಬ ಒಂದು ಪದ ಹಾಕಿದರೂ ಅವರಿಗೆ ಏನೂ ತಿಳಿಯದು. ಎಷ್ಟು ಪ್ರಯೋಗಗಳ ರಂಗನಿರ್ವಹಣೆ, ಪ್ರತಿ ಪ್ರಯೋಗಕ್ಕೆ ಎಷ್ಟು ಕ್ಯೂಗಳ (ದೀಪ, ಧ್ವನಿ ಬರಬೇಕಾದ ಸೂಚನೆಗಳ) ಪಟ್ಟಿ, ಎಷ್ಟು ಜನರ ತಂಡ, ಪ್ರದರ್ಶನದ ನಂತರ ದೋಷಗಳನ್ನು ಬರೆದಿಟ್ಟು ಮರುದಿನದ ತಾಲೀಮಿನಲ್ಲಿ ಸರಿಪಡಿಸಿದ ಕ್ರಮ, ಇವನ್ನು ನಾಲ್ಕು ಸಾಲಿನಲ್ಲಿ ಸಂಖ್ಯೆ ಸಹಿತ ಬರೆದು ನನಗೆ ಕಳುಹಿಸಿ. ಅರ್ಜಿ ಹೋಗುವ ಮೊದಲು ನಾನೂ ನಮ್ಮ ಕರಡು ತಿದ್ದುವವರೂ ಒಮ್ಮೆ ಓದಿ ಕೊಡುತ್ತೇವೆ.

— ಸಂಪಾದಕ